ಮಾವನ ಉಲ್ಕೆ

ಹೋದ ವಾರ ಹೊಸೂರು ಹತ್ರ ನಮ್ಮ ಮಾವನ ಊರಿಗೆ ಹೋಗಿದ್ದೆ. ದೇವರ ಗೂಡಲ್ಲಿ ಲಕ್ಷ್ಮಿ ಫೋಟೋ ಪಕ್ಕ ತೆಂಗಿನಕಾಯಿ ಗಾತ್ರದ ಕರಿ ಕಲ್ಲು, ಅದಕ್ಕೆ ಅರಿಶಿನ ಕುಂಕುಮ ಬೇರೆ. ಏನ್ ಮಾವ ಇದು ಅಂದ್ರೆ "ಆಕಾಶದಿಂದ ಬಿದ್ದಿದ್ದು ಕಣೋ, ರಾಗಿ ಹೊಲದಲ್ಲಿ ಸಿಕ್ತು, ಪಕ್ಕದಲ್ಲೇ ಗುಂಡಿ ಇತ್ತು, ನಾಟ್ರಂಪಳ್ಳಿ ಕಡೆ ಬಿತ್ತಲ್ಲ, ಅಂಥದ್ದೇ" ಅಂದ್ರು.

ಆ ಕಥೆ ನಮ್ ಕಡೆ ಇನ್ನೂ ಯಾರೂ ಮರ್ತಿಲ್ಲ. 2016ರ ಫೆಬ್ರವರಿ 6, ಶನಿವಾರ, ಕೃಷ್ಣಗಿರಿ ದಾಟಿ ವಾಣಿಯಂಬಾಡಿ ಕಡೆ ಹೋಗ್ತಾ ಸಿಗೋ ಒಂದು ಇಂಜಿನಿಯರಿಂಗ್ ಕಾಲೇಜಲ್ಲಿ ಢಂ ಅಂತ ಸೌಂಡಾಗಿ ಕಿಟಕಿ ಗಾಜೆಲ್ಲ ಪುಡಿಯಾಗಿ ಪಾಪ ಬಸ್ ಡ್ರೈವರೊಬ್ರು ತೀರ್ಕೊಂಡ್ರು, ನೋಡಿದ್ರೆ ನೆಲದಲ್ಲೊಂದು ಗುಂಡಿ. ಮಾರನೇ ದಿನಾನೇ ಆಗಿನ ಸಿಎಂ ಜಯಲಲಿತಾ ಉಲ್ಕೆ ಅಂತ ಹೇಳಿಕೆ ಕೊಟ್ಟು ಮನೆಯವ್ರಿಗೆ 1 ಲಕ್ಷ ಪರಿಹಾರ ಅಂದ್ರು. ಸಿಎಂ ಬಾಯಲ್ಲಿ ಬಂದ್ಮೇಲೆ ಇನ್ನೇನು, ಊರೂರಲ್ಲಿ ಉಲ್ಕೆಯೇ. ಆದ್ರೆ ನಾಸಾದವ್ರು ಫೋಟೋ ನೋಡಿ ಇದು ನೆಲದ ಮೇಲೇ ಆದ ಸ್ಫೋಟದ ಥರ ಇದೆ ಅಂದ್ಬಿಟ್ರು, ಅದು ಮಾತ್ರ ನಮ್ಮೂರ ಟೀ ಅಂಗಡಿವರೆಗೂ ಬರ್ಲೇ ಇಲ್ಲ.

ನಂಗೂ ನಾಸಾ ಮಾತೇ ಸರಿ ಅನ್ಸತ್ತೆ. ಸಣ್ಣ ಕಲ್ಲು ಗಾಳಿಗೆ ಸಿಕ್ಕಿ ಮೇಲೇ ಸ್ಪೀಡೆಲ್ಲ ಕಳ್ಕೊಂಡು ಕೊನೆಗೆ ಯಾರೋ ಮಹಡಿಯಿಂದ ಎಸೆದ ಹಾಗೆ ಬೀಳತ್ತೆ, ಸಿಡಿಯಲ್ಲ, ಬೆಂಕಿನೂ ಹತ್ತಲ್ಲ. 2007ರಲ್ಲಿ ಪೆರು ದೇಶದ ಕರಾಂಕಾಸ್‌ನಲ್ಲಿ ಸುಮಾರು 13 ಮೀಟರ್ ಅಗಲದ ಗುಂಡಿ ಆಯ್ತು ನಿಜ, ಅದು ಅಪರೂಪ. ದೊಡ್ಡದು ಬಿದ್ರೆ ಮಹಾರಾಷ್ಟ್ರದ ಲೋಣಾರ್ ಸರೋವರದಂಥ ಗುಂಡಿ ಆಗತ್ತೆ, 1.8 ಕಿಲೋಮೀಟರ್ ಅಗಲ! ಅದನ್ನೇ ಎಷ್ಟೋ ವರ್ಷ ಜ್ವಾಲಾಮುಖಿ ಬಾಯಿ ಅನ್ಕೊಂಡಿದ್ರು, ಕಲ್ಲಿನ ಖನಿಜ ಭಾರೀ ಹೊಡೆತಕ್ಕೆ ಗಾಜಿನಂತಾದ್ರೆ ಸಿಗೋ ಮಾಸ್ಕೆಲಿನೈಟ್ ಅಲ್ಲಿದೆ ಅಂತ 1973ರಲ್ಲಿ ವರದಿಯಾದ್ಮೇಲೆ ಉಲ್ಕೆ ವಾದ ಗಟ್ಟಿಯಾಯ್ತು. ಗುಂಡಿ ನೋಡಿ ಹೇಳೋದಲ್ಲ, ಕಲ್ಲು ನೋಡಿ ಹೇಳ್ಬೇಕು.

ಸರಿ, ಮಾವನ ಕಲ್ಲೇ ನೋಡೋಣ ಅಂತ ಫ್ರಿಜ್ಜಿಂದ ಮ್ಯಾಗ್ನೆಟ್ ಕಿತ್ಕೊಂಡು ಬಂದೆ. ಟಪ್ ಅಂತ ಅಂಟ್ಕೊಳ್ತು! ಸಾಮಾನ್ಯವಾಗಿ ಉಲ್ಕೆಯಲ್ಲಿ ಕಬ್ಬಿಣ ಇರತ್ತಲ್ಲ, ಮಾವ ಮೀಸೆ ತಿರುವಿದ್ರು. ಕುಂಕುಮ ಒರೆಸಿ ಬೆಳಕಿಗೆ ಹಿಡಿದ್ರೆ ಒಡೆದ ಕಡೆಯೆಲ್ಲ ಸಣ್ಣ ಸಣ್ಣ ತೂತು, ಸೆಟ್ ದೋಸೆ ಥರ. ಉಲ್ಕೆಯಲ್ಲಿ ಹೀಗೆ ಗುಳ್ಳೆ ಇರೋದು ತುಂಬಾ ಕಮ್ಮಿ, ಹೊರಗೆ ತೆಳ್ಳಗೆ ಸುಟ್ಟ ಸಿಪ್ಪೆ ಇರತ್ತೆ. ಇದ್ರಲ್ಲಿ ಸಿಪ್ಪೆನೂ ಇಲ್ಲ.

"ಮಾವ, ಹೊಲದ ದಾರಿಗೆ ಏನಾದ್ರೂ ಮಣ್ಣು ಹೊಡೆಸಿದ್ರಾ?"

"ಹೂಂ, ಎರಡು ಟ್ರ್ಯಾಕ್ಟರ್, ಫೌಂಡ್ರಿ ವೇಸ್ಟು."

ಕಬ್ಬಿಣದ ಕಿಟ್ಟ, ಅಂದ್ರೆ ಕಬ್ಬಿಣ ಕರಗಿಸಿದಾಗ ಉಳಿಯೋ ಕಸ! ಗುಂಡಿ? ಅತ್ತೆ ಅಡುಗೆಮನೆಯಿಂದಲೇ "ಹಂದಿ ಅಗೆದಿದ್ದು ಅಂತ ಅವತ್ತೇ ಬಡ್ಕೊಂಡೆ" ಅಂದ್ರು.

ಮಾವ ಸ್ವಲ್ಪ ಹೊತ್ತು ಸುಮ್ನಿದ್ದು ಕಲ್ಲಿಗೆ ವಾಪಸ್ ಕುಂಕುಮ ಇಟ್ರು. "ಆರು ತಿಂಗಳು ಪೂಜೆ ಮಾಡಿದೀನಪ್ಪ, ಈಗ ತಿಪ್ಪೆಗೆ ಎಸೆಯೋಕಾಗತ್ತಾ?"