ಮೀಟರು, ಸಂಪು, ಹತ್ತು ತಿಂಗಳ ಅಡ್ವಾನ್ಸು

ಬೇರೆ ದೇಶಗಳಿಂದ ಬೆಂಗಳೂರಿಗೆ ಹೊಸದಾಗಿ ಬಂದವರಿಗೆ ಒಂದು ಸ್ವಾಗತ ಕಾರ್ಯಕ್ರಮ ಮಾಡೋಣ ಅಂತ ಹೆಣ್ಣೂರು, ಥಣಿಸಂದ್ರ ಕಡೆಯ ನಾಲ್ಕೈದು ಅಪಾರ್ಟ್‌ಮೆಂಟ್ ಸಂಘಗಳು ಸೇರಿ ತೀರ್ಮಾನಿಸಿದ್ದವು. ನಮ್ಮ ಕಡೆ ಅಂಥವರು ಜಾಸ್ತಿ. ಮಾನ್ಯತಾ ಟೆಕ್ ಪಾರ್ಕಿಗೆ ಕೆಲಸಕ್ಕೆ ಬರುವವರು ಕೆಲವರು. ಕೊತ್ತನೂರಿನ ಸುತ್ತಮುತ್ತ ಓದಲು ಬರುವ ಆಫ್ರಿಕಾದ ಹುಡುಗ ಹುಡುಗಿಯರು ಇನ್ನು ಕೆಲವರು. ಪೇಟ ತೊಡಿಸುವ ಕೆಲಸವನ್ನು ಸಂಘದ ಹಿರಿಯರು ಮೊದಲೇ ಹಂಚಿಕೊಂಡುಬಿಟ್ಟಿದ್ದರು. ನನ್ನ ಪಾಲಿಗೆ ಬಂದಿದ್ದು ‘ಮನೆ, ನೀರು, ಕಸ’ ಅಂತ ಬೋರ್ಡ್ ಹಾಕಿದ್ದ ಒಂದು ಮೇಜು.

ವೇದಿಕೆಯ ಕಾರ್ಯಕ್ರಮದ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ದೀಪ, ಪ್ರಾರ್ಥನೆ, ಡೊಳ್ಳು. ಆಮೇಲೆ 1537ರಲ್ಲಿ ಕೆಂಪೇಗೌಡರು ಊರು ಕಟ್ಟಿದ್ದರಿಂದ ಶುರುವಾಗಿ ಐಟಿವರೆಗೆ ಬಂದು ನಿಲ್ಲುವ ಭಾಷಣ. ಒಂದು ಜರ್ಮನ್ ಮಗು ಪೇಟದ ಸಮೇತ ನಿದ್ದೆ ಹೋಗಿತ್ತು.

ಜನ ಎದ್ದು ಕೂತಿದ್ದು ಆಟೋ ಬಂದಾಗ. ಯಾರದೋ ಒಳ್ಳೆ ತಲೆ, ಹತ್ತಿರದ ಸ್ಟ್ಯಾಂಡಿನ ಡ್ರೈವರ್ ಒಬ್ಬರನ್ನು ಆಟೋ ಸಮೇತ ಅಂಗಳಕ್ಕೆ ಕರೆಸಿದ್ದರು. ಅವರು ಮೀಟರ್ ಹಾಕಿ ತೋರಿಸಿದರು. ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18, ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು. 2025ರ ಆಗಸ್ಟ್‌ನಿಂದ ಇದೇ ರೇಟು. ಜಪಾನಿನವರೊಬ್ಬರು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಂಡು, ತುಂಬಾ ವಿನಯದಿಂದ, ‘ಎಲ್ಲರೂ ಮೀಟರ್ ಹಾಕುತ್ತಾರಾ?’ ಅಂತ ಕೇಳಿದರು. ಊರಿನವರೆಲ್ಲ ಒಟ್ಟಿಗೆ ನಕ್ಕುಬಿಟ್ಟೆವು. ಡ್ರೈವರ್ ಮಾತ್ರ ನಗಲಿಲ್ಲ. ‘ಸರ್, ನಾನ್ ಹಾಕ್ತೀನಿ. ಮಳೆ ಬಂದಾಗ ಮಾತ್ರ ಕೇಳ್ಬೇಡಿ’ ಅಂದರು. ಆ ದಿನ ಆಡಿದ ಮಾತುಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಬೇರೆ ಇರಲಿಲ್ಲ.

ನನ್ನ ಮೇಜಿಗೆ ಬಂದವರಲ್ಲಿ ಮುಕ್ಕಾಲು ಪಾಲು ಜನರದ್ದು ನೀರಿನ ಪ್ರಶ್ನೆ. ನಲ್ಲಿಯಲ್ಲಿ ನೀರು ಬರೋದು ಹೇಗೆ ಅಂತ ಯೋಚನೆಯನ್ನೇ ಮಾಡದ ಊರುಗಳಿಂದ ಬಂದವರು ಅವರು. ಒಂದು ಹಾಳೆ ತೆಗೆದು ಚಿತ್ರ ಬರೆದೆ. ಕೆಳಗೆ ಸಂಪು, ಮೇಲೆ ಓವರ್‌ಹೆಡ್ ಟ್ಯಾಂಕು, ನಡುವೆ ಮೋಟರು. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪೈಪಿನಲ್ಲಿ ಬರಬೇಕು. ಬೆಂಗಳೂರು ಎತ್ತರದಲ್ಲಿರುವುದರಿಂದ ಅದನ್ನು ಸುಮಾರು 500 ಮೀಟರ್ ಮೇಲಕ್ಕೆ ಎತ್ತಬೇಕು. ಹಾಗಾಗಿ ಇಪ್ಪತ್ನಾಲ್ಕು ಗಂಟೆ ಬರೋದಿಲ್ಲ, ಬಂದಾಗ ಸಂಪು ತುಂಬಿಸಿಕೊಳ್ಳಬೇಕು ಅಂದೆ. ‘ಬರದಿದ್ದರೆ?’ ಅಂದರು ಒಬ್ಬರು. ‘ಟ್ಯಾಂಕರು’ ಅಂದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿನವರ ಕೈಕಾಲು ಹಿಡಿದ ಕಥೆಯನ್ನೂ ಹೇಳಿದೆ. ಅದೇ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಯಿತು ಅಂತ ಸೇರಿಸಿ ಸ್ವಲ್ಪ ಸಮಾಧಾನ ಮಾಡಿದೆ. ಕಸದ ವಿಷಯ ಬೇಗ ಮುಗಿಯಿತು. ಹಸಿ ಕಸಕ್ಕೆ ಹಸಿರು ಡಬ್ಬ, ಡೈಪರ್ ಥರದ್ದಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ಇದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು ಬಿಡಿ.

ಜನ ಕರಗಿದ ಮೇಲೆ ಸೂಡಾನಿನ ಹುಡುಗನೊಬ್ಬ ಬಂದು ಕೂತ. ಕೈಯಲ್ಲಿ ಒಗ್ಗರಣೆ ಅವಲಕ್ಕಿಯ ತಟ್ಟೆ, ಕಡಲೆಬೀಜ ಮಾತ್ರ ಆರಿಸಿ ತಿನ್ನುತ್ತಿದ್ದ. ಎಂ.ಕಾಂ. ಓದಲು ಬಂದವನು. ‘ಆಂಟಿ, ನೀರಿನ ವಿಷಯ ಅರ್ಥ ಆಯ್ತು. ಆದರೆ ಮನೆನೇ ಸಿಗ್ತಿಲ್ಲ’ ಅಂತ ಇಂಗ್ಲಿಷಿನಲ್ಲಿ ಹೇಳಿದ. ಸ್ನೇಹಿತರ ರೂಮಿನಲ್ಲಿ ನೆಲದ ಮೇಲೆ ಮಲಗುತ್ತಿದ್ದನಂತೆ.

ಅಲ್ಲೇ ಕೂತು ನನಗೆ ಪರಿಚಯದ ಬ್ರೋಕರ್‌ಗೆ ಫೋನ್ ಮಾಡಿದೆ. ‘ಇದೆ ಮೇಡಂ, ಒನ್ ಬಿಎಚ್‌ಕೆ, ಫಸ್ಟ್ ಕ್ಲಾಸಾಗಿದೆ. ಯಾರಿಗೆ?’ ಓದೋ ಹುಡುಗ ಅಂದೆ. ಯಾವ ಊರು ಅಂದರು. ಸೂಡಾನ್ ಅಂದೆ. ‘ಅಯ್ಯೋ, ಅದು ಬೆಳಗ್ಗೆನೇ ಹೋಯ್ತು ಮೇಡಂ.’ ಅರ್ಧ ನಿಮಿಷದಲ್ಲಿ ಬೆಳಗ್ಗೆ ಹೋಗಿಬಿಟ್ಟ ಮನೆ!

ಬಿಡದೆ ಕೇಳಿದಾಗ ಫಾರಂ ಕಾಟ ಅಂದರು. ಅದು ಪೂರ್ತಿ ಸುಳ್ಳಲ್ಲ. ವಿದೇಶದವರಿಗೆ ಮನೆ ಕೊಟ್ಟರೆ ಮಾಲೀಕರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಎಲ್ಲರೂ ಸಿ ಫಾರಂ ಅಂತಲೇ ಕರೆಯೋದು. ಆದರೆ ಜಪಾನಿನವರಿಗೆ ಕೊಟ್ಟರೂ ಅದೇ ಫಾರಂ ತಾನೇ? ಅವರಿಗೆ ಮನೆ ತೋರಿಸಲು ಇದೇ ಬ್ರೋಕರ್ ಕಾರು ತರುತ್ತಾರೆ. 2016ರಲ್ಲಿ ಹೆಸರಘಟ್ಟ ಕಡೆ ಯಾರೋ ಮಾಡಿದ ಅಪಘಾತಕ್ಕೆ, ಏನೂ ಸಂಬಂಧವಿಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿದ್ದು ಹೊಡೆದಿತ್ತು. ನಮ್ಮ ಭಾಷಣಗಳಲ್ಲಿ ಅದರ ಮಾತೇ ಬರಲಿಲ್ಲ. ಪೇಟ ತೊಡಿಸುವುದು ಸುಲಭ, ಬೀಗದ ಕೈ ಕೊಡುವಾಗಲೇ ನಮ್ಮ ಬಣ್ಣ ಗೊತ್ತಾಗೋದು. ಇದನ್ನು ಸಂಘದ ಮೀಟಿಂಗಿನಲ್ಲೂ ಹೇಳಿದೆ, ಯಾರಿಗೂ ಹಿಡಿಸಲಿಲ್ಲ.

ಮುಂದಿನ ಭಾನುವಾರ ಬ್ರೋಕರ್ ಸಹವಾಸ ಬಿಟ್ಟು, ‘ಟು-ಲೆಟ್’ ಬೋರ್ಡ್ ನೋಡುತ್ತಾ ನಾವೇ ಬೀದಿ ಸುತ್ತಿದೆವು. ಒಂದು ಕಡೆ ಗೇಟೇ ತೆಗೆಯಲಿಲ್ಲ. ಕೊನೆಗೆ ಮೂರನೇ ಮಹಡಿಯ ಒಂದು ರೂಮು, ಲಿಫ್ಟ್ ಇಲ್ಲ, ಕೆಳಗೆ ಮನೆಯ ಯಜಮಾನಿ ಅಜ್ಜಿ. ಅವರು ಹುಡುಗನನ್ನು ಮೇಲಿಂದ ಕೆಳಗೆ ನೋಡಿ, ‘ಮೋಟರ್ ಹಾಕಿ ಮರೆತು ಮಲಗ್ತಾನಾ?’ ಅಂದರು. ಇಲ್ಲಮ್ಮ ಅಂದೆ. ‘ಹತ್ತು ತಿಂಗಳು ಅಡ್ವಾನ್ಸ್. ಬಿಡೋವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೋತೀನಿ.’ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡೇ ತಿಂಗಳು ಸಾಕು ಅನ್ನುತ್ತದೆ. ಅಜ್ಜಿಯ ಮುಂದೆ ಅದನ್ನೆತ್ತುವ ಧೈರ್ಯ ನನಗಿರಲಿಲ್ಲ. ಚೌಕಾಸಿ ಮಾಡಿ ಆರಕ್ಕೆ ಇಳಿಸಿದೆ. ಪೇಂಟಿಂಗ್ ಮಾತ್ರ ಇಳಿಯಲಿಲ್ಲ.

ಇದನ್ನೆಲ್ಲ ಹುಡುಗನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಈ ಪೇಂಟಿಂಗ್ ದುಡ್ಡು ನನಗೆ ಮಾತ್ರಾನಾ?’ ಅಂದ.

‘ಇಲ್ಲಪ್ಪ, ನಮ್ಮ ಊರಲ್ಲಿ ಎಲ್ಲರ ಹತ್ರಾನೂ ಕೀಳ್ತಾರೆ’ ಅಂದೆ.

‘ಹಾಗಾದ್ರೆ ಸರಿ’ ಅಂತ ನಕ್ಕು ಅಡ್ವಾನ್ಸಿನ ಮೊದಲ ಕಂತು ಎಣಿಸಿ ಕೊಟ್ಟ. ಸಿ ಫಾರಂ ಅನ್ನು ಅಜ್ಜಿಯ ಮಗ ಅವತ್ತು ರಾತ್ರಿಯೇ ತುಂಬಿಸಿದ.