ತಿಳಿಯದವರು ಯಾರು?

"ವಿಜ್ಞಾನ ತಿಳಿಯದಿರುವುದು ಜನರಿಗೆ. ನೀವು ಅಧಿಕಾರಿಗಳಿಗೆ ಏಕೆ ತರಬೇತಿ ಕೊಡುತ್ತೀರಿ?"

ಮದುವೆ ಮನೆಯ ಪಂಕ್ತಿಯಲ್ಲಿ, ರೈಲಿನಲ್ಲಿ, ಕೊನೆಗೆ ತರಬೇತಿಗೆ ಬಂದು ಕುಳಿತವರ ಬಾಯಿಂದಲೂ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಹನ್ನೊಂದು ವರ್ಷಗಳಿಂದ ನಾನು ಮಾಡುತ್ತಿರುವ ಕೆಲಸ ಇದು: ಗಣಿ, ಕಾರ್ಖಾನೆ, ಅಣೆಕಟ್ಟು, ಹೊಸ ಬೀಜ ಇಂಥವುಗಳ ಬಗ್ಗೆ ತೀರ್ಮಾನ ಮಾಡುವವರನ್ನು ಎರಡು ದಿನ ಕೂರಿಸಿಕೊಂಡು, ಆ ತೀರ್ಮಾನದ ಜೊತೆ ಬಾಳಬೇಕಾದ ಜನರ ಹತ್ತಿರ ವಿಜ್ಞಾನವನ್ನು ಹೇಗೆ ಮಾತನಾಡಬೇಕು, ಅವರ ಮಾತನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂದು ಅಭ್ಯಾಸ ಮಾಡಿಸುವುದು. ಇನ್ನು ಮುಂದೆ ಬಾಯಿಂದ ಉತ್ತರಿಸುವುದಿಲ್ಲ. ಕೇಳಿದವರಿಗೆ ಈ ಬರಹವನ್ನೇ ಕಳಿಸುತ್ತೇನೆ.

"ಜನರಿಗೆ ತಿಳಿಯದು" ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಒಬ್ಬ ಅವ್ವ ನೆನಪಾಗುತ್ತಾಳೆ.

ಸುಣ್ಣದ ಕಲ್ಲಿನ ಸೀಮೆಯ ಒಂದು ಊರು. ಗಣಿ ವಿಸ್ತರಣೆಗಾಗಿ ಸಾರ್ವಜನಿಕ ಅಹವಾಲು ಸಭೆ ನಡೆದಿತ್ತು. ಪರಿಸರ ಪರಿಣಾಮದ ಕುರಿತ 2006ರ ಅಧಿಸೂಚನೆ ಹೇಳಿದ್ದೆಲ್ಲ ಅಲ್ಲಿತ್ತು. ಮೂವತ್ತು ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬಂದಿತ್ತು. ಶಾಮಿಯಾನ, ಮೈಕು, ವಿಡಿಯೊ ಚಿತ್ರೀಕರಣ, ವೇದಿಕೆಯ ಮೇಲೆ ಹಿರಿಯ ಅಧಿಕಾರಿ. ಗಣಿಯಿಂದ ಪರಿಸರಕ್ಕೆ ಏನಾಗುತ್ತದೆ ಎಂಬ ವರದಿಯ ಕನ್ನಡ ಸಾರಾಂಶವನ್ನು ತಿದ್ದಿಕೊಟ್ಟವನು ನಾನಾದ್ದರಿಂದ ನಾನೂ ಒಂದು ಬದಿಗೆ ಕುಳಿತಿದ್ದೆ. ಎರಡು ತಾಸು ಕಾದ ಮೇಲೆ ಆ ಅವ್ವನ ಕೈಗೆ ಮೈಕು ಬಂತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೇಳಿದಳು: "ಸಾಹೇಬರೇ, ನಾವು ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತೇವೆ. ಗಣಿ ಇನ್ನೂ ಹತ್ತಿರ ಬಂದರೆ ಒಣಹಾಕಬಹುದೋ, ಬಾರದೋ?"

ಹಿಂದೆ ಕುಳಿತ ಹುಡುಗರು ನಕ್ಕರು. ವರದಿ ಬರೆದ ಸಲಹೆಗಾರರು ಎದ್ದು ನಿಂತು, ಹತ್ತು ಮೈಕ್ರಾನಿಗಿಂತ ಸಣ್ಣ ಧೂಳಿನ ಕಣಗಳಿಗೆ ದಿನದ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ಇಲ್ಲಿ ಅಳೆದಾಗ ಅದಕ್ಕಿಂತ ಬಹಳ ಕಡಿಮೆ ಬಂದಿದೆ, ಗಾಬರಿಪಡುವಂಥದ್ದು ಏನೂ ಇಲ್ಲ ಎಂದರು. ಅಧಿಕಾರಿಗಳು ಮುಂದಿನವರನ್ನು ಕರೆದರು. ಸಭೆ ಮುಗಿಯುವಾಗ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು ಎಂಬ ನಿಯಮವಿದೆ. ಓದಿದರು. "ಧೂಳಿನ ಬಗ್ಗೆ ಗ್ರಾಮಸ್ಥರು ಕೇಳಿದ ಪ್ರಶ್ನೆಗೆ ಸಮರ್ಪಕ ಉತ್ತರ ನೀಡಲಾಯಿತು." ಅವ್ವ ಅಲ್ಲಿಯವರೆಗೂ ಕದಲಿರಲಿಲ್ಲ. ಮೈಕು ಇಲ್ಲದೆಯೇ ಹೇಳಿದಳು: "ನಾನು ಕೇಳಿದ್ದು ಶಾವಿಗೆಯದು."

ಆ ರಾತ್ರಿ ವಸತಿಗೃಹದಲ್ಲಿ ಸಾರಾಂಶವನ್ನು ಮತ್ತೆ ತೆರೆದು ನೋಡಿದೆ. ಗಾಳಿಯ ಅಳತೆ ನಡೆದದ್ದು ಡಿಸೆಂಬರಿನಿಂದ ಫೆಬ್ರುವರಿಯವರೆಗೆ. ನಿಯಮದ ಪ್ರಕಾರ ತಪ್ಪೇನೂ ಇಲ್ಲ, ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕು. ಆದರೆ ಶಾವಿಗೆ ಹೊಸೆಯುವುದು ಏಪ್ರಿಲ್ ಬಿಸಿಲಿನಲ್ಲಿ. ಅವಳು ಕೇಳಿದ ತಿಂಗಳಿನ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ, ಎಷ್ಟು ಧೂಳು ಹೊತ್ತು ತರುತ್ತದೆ ಎಂಬುದು ಆ ದಪ್ಪ ವರದಿಯ ಯಾವ ಪುಟದಲ್ಲೂ ಇರಲಿಲ್ಲ. ಇಡೀ ಸಭೆಯಲ್ಲಿ ವಿಜ್ಞಾನಿ ಕೇಳಬೇಕಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಆ ಸಾರಾಂಶವನ್ನು ಮೂರು ಸಲ ತಿದ್ದಿದ್ದ ನನ್ನ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಈಗ ಹೇಳಿ, ತರಬೇತಿ ಬೇಕಾದದ್ದು ಯಾರಿಗೆ?

ಇದು ನಮ್ಮ ದೇಶದ ಕಾಯಿಲೆ ಮಾತ್ರ ಎಂದುಕೊಳ್ಳುವವರಿಗೆ ಇಂಗ್ಲೆಂಡಿನ ಕಂಬ್ರಿಯದ ಕುರಿಗಾರರ ಕಥೆ ಹೇಳುತ್ತೇನೆ. 1986ರಲ್ಲಿ ಚೆರ್ನೋಬಿಲ್ ಸ್ಥಾವರ ಸಿಡಿದ ಮೇಲೆ ಅಲ್ಲಿನ ಗುಡ್ಡಗಳ ಮೇಲೆ ವಿಕಿರಣ ಬೆರೆತ ಮಳೆ ಸುರಿಯಿತು. ಜೂನ್‌ನಲ್ಲಿ ಸರ್ಕಾರ ಕುರಿ ಸಾಗಣೆ ಮತ್ತು ಮಾರಾಟವನ್ನು ನಿಲ್ಲಿಸಿ, ಮೂರು ವಾರದಲ್ಲಿ ಎಲ್ಲ ಸರಿಹೋಗುತ್ತದೆ ಎಂದಿತು. ವಿಜ್ಞಾನಿಗಳ ಲೆಕ್ಕ ನಿಂತಿದ್ದು ತಗ್ಗು ಪ್ರದೇಶದ ಜೇಡಿಮಣ್ಣಿನ ಮೇಲೆ. ಆ ಮಣ್ಣು ಮಳೆಯ ಜೊತೆ ಬಿದ್ದ ಸೀಸಿಯಂ ಎಂಬ ವಿಕಿರಣ ವಸ್ತುವನ್ನು ಹಿಡಿದಿಟ್ಟುಕೊಳ್ಳುತ್ತದೆ. ಗುಡ್ಡದ ಮೇಲಿನದು ಕೊಳೆತ ಸಸ್ಯಗಳಿಂದಾದ ಹುಳಿ ಮಣ್ಣು. ಅಲ್ಲಿ ಸೀಸಿಯಂ ಮತ್ತೆ ಮತ್ತೆ ಹುಲ್ಲಿಗೆ ಏರಿ, ಹುಲ್ಲಿನಿಂದ ಕುರಿಗೆ ಇಳಿಯಿತು. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಬ್ರಯಾನ್ ವಿನ್ ಆ ಕುರಿಗಾರರ ಜೊತೆ ಮಾತನಾಡಿ ಬರೆದದ್ದನ್ನು ನಾನು ಪ್ರತಿ ತರಬೇತಿಯಲ್ಲೂ ಓದಿಸುತ್ತೇನೆ. ಪ್ರಯೋಗಕ್ಕೆಂದು ಕುರಿಗಳನ್ನು ಬೇಲಿಯೊಳಗೆ ಕೂಡಿದಾಗ, ಗುಡ್ಡದಲ್ಲಿ ಅಡ್ಡಾಡಿ ಮೇಯುವ ಕುರಿ ಬೇಲಿಯೊಳಗೆ ಸೊರಗುತ್ತದೆ ಎಂದು ಕುರಿಗಾರರು ಹೇಳಿದರು. ಯಾರೂ ಕಿವಿಗೊಡಲಿಲ್ಲ. ಕೊನೆಗೆ ಆ ಪ್ರಯೋಗವನ್ನೇ ಕೈಬಿಡಬೇಕಾಯಿತು. ಮೂರು ವಾರದ ಆ ನಿರ್ಬಂಧ ಪೂರ್ತಿಯಾಗಿ ತೆರವಾದದ್ದು 2012ರಲ್ಲಿ.

ಇದನ್ನು ಓದಿದ ಮೇಲೆ ತರಬೇತಿಯಲ್ಲಿ ಒಂದು ಅಭ್ಯಾಸವಿದೆ. ಒಬ್ಬರು ಅಧಿಕಾರಿಯಾಗಬೇಕು, ಒಬ್ಬರು ಅವ್ವನಾಗಬೇಕು. ಅಧಿಕಾರಿಯಾದವರು ಮೊದಲು ಪ್ರಶ್ನೆಯನ್ನು ಅವಳ ಮಾತಿನಲ್ಲೇ ಬರೆದುಕೊಂಡು, ಅವಳಿಗೆ ಓದಿ ಹೇಳಿ, "ನೀವು ಕೇಳಿದ್ದು ಇದೇ ತಾನೇ?" ಎಂದು ಒಪ್ಪಿಸಬೇಕು. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಮೈಕಿನಲ್ಲೇ ಹೇಳಬೇಕು. ಇಪ್ಪತ್ತು ವರ್ಷ ಸೇವೆ ಮಾಡಿದವರು "ನನಗೆ ಗೊತ್ತಿಲ್ಲ" ಎಂಬ ಎರಡು ಪದಕ್ಕೆ ಬೆವರುವುದನ್ನು ನೋಡಿದ್ದೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಮಾತು ಆಡಿದವನಿಗೆ ಮೇಲಿನವರಿಂದ ಬೈಗುಳ ಬಿಟ್ಟು ಬೇರೇನೂ ಸಿಕ್ಕಿಲ್ಲ.

ನಿಜ ಹೇಳಬೇಕೆಂದರೆ, ನನ್ನನ್ನು ಕೇಳಬೇಕಾದ ಪ್ರಶ್ನೆಯೇ ಬೇರೆ ಇದೆ. ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಯಾವ ತೀರ್ಮಾನವಾದರೂ ಬದಲಾಗಿದೆಯೇ? ಇದನ್ನು ಯಾರೂ ಕೇಳುವುದಿಲ್ಲ.

ದೊಡ್ಡದಾಗಿ ಬದಲಾದದ್ದು ಬಿಟಿ ಬದನೆಯ, ಅಂದರೆ ಹುಳ ತಡೆಯಲು ಬ್ಯಾಕ್ಟೀರಿಯದ ವಂಶವಾಹಿ ಸೇರಿಸಿದ ಬದನೆಯ ವಿಷಯದಲ್ಲಿ. 2009ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ಆಗ ಪರಿಸರ ಸಚಿವರಾಗಿದ್ದ ಜೈರಾಂ ರಮೇಶ್ 2010ರ ಜನವರಿ, ಫೆಬ್ರುವರಿಯಲ್ಲಿ ಏಳು ನಗರಗಳಲ್ಲಿ ತಾವೇ ಕುಳಿತು ರೈತರು, ವಿಜ್ಞಾನಿಗಳು, ಬೀಜದವರು ಎಲ್ಲರ ಮಾತು ಕೇಳಿದರು. ಕೊನೆಯ ಸಭೆ ಬೆಂಗಳೂರಿನಲ್ಲಿ. ಫೆಬ್ರುವರಿ 9ರಂದು ಬಿಟಿ ಬದನೆಗೆ ತಡೆ ಬಿತ್ತು. ನಮ್ಮವರಿಗೆ ಇದು ದೂರದ ಸಂಗತಿ ಆಗಿರಲಿಲ್ಲ. ಬಿಟಿ ವಂಶವಾಹಿ ಸೇರಿಸಲು ಧಾರವಾಡ ಕೃಷಿ ವಿಶ್ವವಿದ್ಯಾಲಯ ತೆಗೆದುಕೊಂಡ ತಳಿಗಳಲ್ಲಿ ಉಡುಪಿಯ ಬದನೆಯೂ ಇತ್ತು. ಆ ತೀರ್ಮಾನ ಸರಿಯೋ ತಪ್ಪೋ ಎಂಬ ಜಗಳ ಇಂದಿಗೂ ಮುಗಿದಿಲ್ಲ, ಆ ಸಭೆಗಳಲ್ಲಿ ಕೂಗಾಟವೇ ಹೆಚ್ಚಿತ್ತು ಎಂಬ ವಿಜ್ಞಾನಿಗಳ ದೂರಿನಲ್ಲೂ ಹುರುಳಿದೆ. ನನ್ನ ತಕರಾರು ಬೇರೆ: ಜನರನ್ನು ಕರೆದದ್ದು ಎಲ್ಲ ಮುಗಿದ ಮೇಲೆ. ಯಾವ ಹುಳಕ್ಕೆ ಮದ್ದು ಹುಡುಕಬೇಕು, ಯಾರ ಹೊಲದ ತಳಿ ತೆಗೆದುಕೊಳ್ಳಬೇಕು ಎಂಬ ಹಂತದಲ್ಲೇ ರೈತರನ್ನು ಕೂರಿಸಿಕೊಂಡಿದ್ದರೆ ಅಷ್ಟು ಕೂಗುವ ಅಗತ್ಯ ಬೀಳುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ನನ್ನ ತರಬೇತಿಗಳಿಂದ ಬದಲಾದದ್ದು ಬಹಳ ಸಣ್ಣದು. ಹೋದ ವರ್ಷ ಒಬ್ಬ ಅಧಿಕಾರಿ ಫೋನ್ ಮಾಡಿದ್ದರು. ಬೇರೆ ತಾಲ್ಲೂಕು, ಬೇರೆ ಗಣಿ. ಸಭೆಯಲ್ಲಿ ಹೆಂಗಸರು ಮೆಣಸಿನಕಾಯಿ ಒಣಗಿಸುವ ಕಣದ ಬಗ್ಗೆ ಕೇಳಿದರಂತೆ. ಇವರು ಪ್ರಶ್ನೆಯನ್ನು ಇದ್ದದ್ದು ಇದ್ದ ಹಾಗೆ ನಡಾವಳಿಯಲ್ಲಿ ಬರೆಸಿ, ಬೇಸಿಗೆಯಲ್ಲಿ ಇನ್ನೊಮ್ಮೆ ಅಳೆಯಬೇಕೆಂದು ಟಿಪ್ಪಣಿ ಹಾಕಿದ್ದರು. "ಯಂತ್ರ ಎಲ್ಲಿಡಬೇಕೆಂದು ಅವರನ್ನೇ ಕೇಳಿದೆ ಸರ್. ಕಣದ ಪಕ್ಕದ ಮಾಳಿಗೆ ತೋರಿಸಿದರು. ಮೆಟ್ಟಿಲು ಕಿರಿದು, ಹತ್ತಿಸುವಷ್ಟರಲ್ಲಿ ನಾಲ್ಕು ಜನಕ್ಕೆ ಸಾಕುಸಾಕಾಯಿತು."