ಸತ್ತ ವಿಳಾಸಕ್ಕೆ ಬಂದು ನಿಂತಿದ್ದ ಕೊಂಡಿ

ಕೊನೆಗೂ ಸಿಕ್ಕಿತು! ಗೋಡೆ ಗಡಿಯಾರ ರಿಪೇರಿಯ ನನ್ನ ಜಾಲತಾಣ ಗೂಗಲ್ ಹುಡುಕಾಟದ ನಾಲ್ಕನೇ ಪುಟದಲ್ಲಿ ಗೊರಕೆ ಹೊಡೆಯುತ್ತಿತ್ತು; ಅದರ ಲೋಲಕದ ಪುಟ ಈಗ ಮೊದಲ ಪುಟದ ಕೆಳತುದಿಗೆ ಬಂದು ಕುಳಿತಿದೆ. ಸೈಟ್‌ಮ್ಯಾಪ್, ಶೀರ್ಷಿಕೆ, ವೇಗ ಇವೆಲ್ಲ ಹುಡುಕಾಟದಲ್ಲಿ ಮೇಲೇರಲು ಎಲ್ಲರೂ ಮಾಡುವ ಕಸರತ್ತು, ಬಿಡಿ. ನನ್ನನ್ನು ಕಾಡಿದ್ದು ಬೇರೆ ತಾಣಗಳಿಂದ ನನ್ನ ತಾಣಕ್ಕೆ ಬರುವ ಕೊಂಡಿಗಳು, ಅಂದರೆ ಬ್ಯಾಕ್‌ಲಿಂಕ್‌ಗಳು.

ಮೊದಲು ಪಾಪನಿವೇದನೆ. ಒಬ್ಬನಿಂದ ‘ಉನ್ನತ ದರ್ಜೆಯ’ 200 ಬ್ಯಾಕ್‌ಲಿಂಕ್ ಕೊಂಡಿದ್ದೆ. ತೆರೆದು ನೋಡಿದರೆ ಜೂಜಿನ ಜಾಹೀರಾತಿಗೂ ತೂಕ ಇಳಿಸುವ ಮಾತ್ರೆಗೂ ನಡುವೆ ನನ್ನ ಗಡಿಯಾರ ಸಿಕ್ಕಿಕೊಂಡಿತ್ತು. ಇನ್ನೂರಕ್ಕೂ ಒಂದೇ ಆ್ಯಂಕರ್ ಪಠ್ಯ (ಒತ್ತಿದರೆ ಕೊಂಡಿ ತೆರೆಯುವ ಪದಗಳು): ‘ಗೋಡೆ ಗಡಿಯಾರ ರಿಪೇರಿ’. ಇಷ್ಟೊಂದು ಜನ ಅಕ್ಷರ ತಪ್ಪದೆ ಒಂದೇ ಮಾತು ಹೇಳುವುದು ಪ್ರಾರ್ಥನೆಯಲ್ಲಿ ಮಾತ್ರ. ದೂರಿದ್ದಕ್ಕೆ ಆ ಪುಣ್ಯಾತ್ಮ ಇನ್ನೂ 50 ಕೊಂಡಿಗಳನ್ನು ಪುಕ್ಕಟೆ ಸೇರಿಸಿದ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

2012ರಲ್ಲಿ ಬಂದ, ಗೂಗಲ್‌ನ ಪೆಂಗ್ವಿನ್ ಎಂಬ ಸೋಸುವ ವ್ಯವಸ್ಥೆ ಇಂಥ ತಾಣಗಳನ್ನು ಕೆಳಕ್ಕೆ ದಬ್ಬುತ್ತಿತ್ತು. 2016ರ ನಾಲ್ಕನೇ ಆವೃತ್ತಿಯಿಂದೀಚೆಗೆ ಗೂಗಲ್ ಬಹುಮಟ್ಟಿಗೆ ಇಂಥ ಕೊಂಡಿಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಂದರೆ ನನ್ನ ಹಣಕ್ಕೆ ಶಿಕ್ಷೆಯೂ ದಕ್ಕಲಿಲ್ಲ. ಅದು ಗೊತ್ತಿದ್ದೂ ಒಂದು ಭಾನುವಾರವಿಡೀ ಡಿಸ್‌ಅವೋ ಕಡತ (‘ಈ ಕೊಂಡಿಗಳನ್ನು ಎಣಿಸಬೇಡಿ’ ಎಂದು ಗೂಗಲ್‌ಗೆ ಕೊಡುವ ಪಟ್ಟಿ) ಬರೆಯುತ್ತ ಕುಳಿತೆ, ಸಾಲಿಗೊಂದು ಡೊಮೇನ್. ಸ್ಥಾನ ಒಂದಿಂಚೂ ಕದಲಲಿಲ್ಲ. ತೂಕವೇ ಇಲ್ಲದ ಕಸವನ್ನು ತಕ್ಕಡಿಯಿಂದ ಗುಡಿಸಿದರೆ ಮುಳ್ಳು ಏಕೆ ಅಲುಗಬೇಕು?

ಬೇಸರಕ್ಕೆ ಸರ್ವರ್ ಲಾಗ್ (ತಾಣಕ್ಕೆ ಬಂದುಹೋದವರ ದಾಖಲೆ) ತೆರೆದು 404ಗಳನ್ನಷ್ಟೇ, ಅಂದರೆ ‘ಪುಟ ಸಿಗಲಿಲ್ಲ’ ಎಂಬ ಉತ್ತರಗಳನ್ನಷ್ಟೇ, ಸೋಸಿದೆ. ಕಳೆದ ವರ್ಷ ವಿಳಾಸಗಳನ್ನು ಚೊಕ್ಕ ಮಾಡುವ ಹುಕ್ಕಿ ಬಂದಾಗ ಲೋಲಕದ ಪುಟದ ಹಳೆಯ ವಿಳಾಸ ಸತ್ತಿತ್ತು. ದಿನಕ್ಕೆ ನಾಲ್ಕೈದು ಜನ ಅದೇ ಬಾಗಿಲು ಬಡಿದು ಹಿಂದಿರುಗುತ್ತಿದ್ದರು! ಅವರು ಎಲ್ಲಿಂದ ಬಂದರೆಂದು ಹೇಳುವ ರೆಫರರ್ ಜಾಗದಲ್ಲಿ ಬರೀ ಡೊಮೇನ್ ಹೆಸರು, ಅದೂ ಒಂದು ವಿಶ್ವವಿದ್ಯಾಲಯದ್ದು. ಜಾಲಾಡಿದಾಗ ಭೌತಶಾಸ್ತ್ರ ವಿಭಾಗದ ಪ್ರಯೋಗ ಟಿಪ್ಪಣಿಯೊಂದು ಸಿಕ್ಕಿತು. ಅದರ ನಡುವಿನ ಒಂದು ವಾಕ್ಯ, ‘ಅಡಿಯ ತಿರುಪನ್ನು ಒಂದು ಸುತ್ತು ಏರಿಸಿದರೆ ಗಡಿಯಾರ ಎಷ್ಟು ಮುಂದೋಡುತ್ತದೆ’ ಎಂಬುದು, ನನ್ನ ಪುಟಕ್ಕೆ ಕೊಂಡಿಯಾಗಿತ್ತು. ಯಾರೋ ಓದಿ, ಉಪಯೋಗವಿದೆ ಅನ್ನಿಸಿ, ಕೇಳದೆಯೇ ಕೊಟ್ಟದ್ದು. ನಾನು ಅದನ್ನು ಚರಂಡಿಗೆ ಬಿಟ್ಟಿದ್ದೆ.

ಇಲ್ಲಿಯೂ ಒಂದು ದಡ್ಡತನ ಬಾಕಿಯಿತ್ತು. ಆತುರದಲ್ಲಿ ಸತ್ತ ವಿಳಾಸಗಳನ್ನೆಲ್ಲ ಸಾರಾಸಗಟಾಗಿ 301 (ವಿಳಾಸ ಕಾಯಂ ಬದಲಾಗಿದೆ ಎಂಬ ಸೂಚನೆ) ಹಾಕಿ ಮುಖಪುಟಕ್ಕೆ ತಿರುಗಿಸಿದೆ. ಮೂರು ವಾರ ಕಾದೆ, ಏನೂ ಇಲ್ಲ. ಲೋಲಕ ಕೇಳಿ ಬಂದವನಿಗೆ ಮುಖಪುಟ ತೋರಿಸುವುದನ್ನು ಗೂಗಲ್ ಸಾಫ್ಟ್ 404 (ಪುಟ ಇಲ್ಲ ಎಂಬುದಕ್ಕೆ ಸಮ) ಎಂದೇ ಎಣಿಸುತ್ತದೆ. ಕೊಂಡಿಯ ತೂಕ ದಾಟುವುದಿಲ್ಲ. ಆ ಸಾರಾಸಗಟು ಏರ್ಪಾಡನ್ನು ಕಿತ್ತುಹಾಕಿ, ಲೋಲಕದ ಹಳೆಯ ವಿಳಾಸವನ್ನು ಅದರದೇ ಹೊಸ ಪುಟಕ್ಕೆ ನೇರವಾಗಿ ತಿರುಗಿಸಿದ ಮೇಲೆಯೇ, ಎರಡನೇ ವಾರದಲ್ಲಿ, ಹುಡುಕಾಟದಲ್ಲಿ ತಾಣದ ಸ್ಥಿತಿ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನ ಗೆರೆ ಏರತೊಡಗಿತು.

ಗೂಗಲ್ ಸ್ಥಾಪಕರಾದ ಪೇಜ್ ಮತ್ತು ಬ್ರಿನ್ 1998ರಲ್ಲಿ ವಿವರಿಸಿದ, ಕೊಂಡಿಗಳಿಂದ ಪುಟದ ತೂಕ ಅಳೆಯುವ ಪೇಜ್‌ರ‍್ಯಾಂಕ್‌ನಲ್ಲೇ ಈ ಕಥೆಯ ಅರ್ಧ ಇದೆ: ಪುಟವೊಂದು ತನ್ನ ತೂಕವನ್ನು ಅಲ್ಲಿಂದ ಹೊರಡುವ ಕೊಂಡಿಗಳಿಗೆಲ್ಲ ಹಂಚುತ್ತದೆ. ಪ್ರಯೋಗ ಟಿಪ್ಪಣಿಯಲ್ಲಿದ್ದದ್ದು ಆರು ಕೊಂಡಿ. ಆ ಮಾರಾಟಗಾರನ ಪುಟದಲ್ಲಿ ಮುನ್ನೂರರವರೆಗೆ ಎಣಿಸಿ ಕೈಬಿಟ್ಟೆ. ಇಂದಿನ ಲೆಕ್ಕಾಚಾರ ಅಷ್ಟು ಸರಳವಲ್ಲ ನಿಜ, ಆದರೂ ಬಡವನ ಮನೆಯ ಆಸ್ತಿಯಲ್ಲಿ ಮುನ್ನೂರನೇ ಪಾಲು ಎಂದರೆ ಎಷ್ಟಾದೀತು?

ಇದರಿಂದ ಹೊಸ ಹುಚ್ಚು ಹತ್ತಿದೆ. ನನ್ನ ತಾಣದ ಒಳಕೊಂಡಿಗಳ ಮೇಲೆಯೇ ಪೇಜ್‌ರ‍್ಯಾಂಕ್ ಓಡಿಸುವ ಪುಟ್ಟ ಪೈಥಾನ್ ಪ್ರೋಗ್ರಾಂ ಬರೆಯುತ್ತಿದ್ದೇನೆ, ಡ್ಯಾಂಪಿಂಗ್ ಅಂಶ (ಓದುಗ ಮತ್ತೊಂದು ಕೊಂಡಿ ಒತ್ತಿ ಮುಂದುವರಿಯುವ ಸಂಭವ) ಅದೇ ಹಳೆಯ 0.85. ಮೊದಲ ಓಟದಲ್ಲಿ ಅಗ್ರಸ್ಥಾನ ಗಿಟ್ಟಿಸಿದ್ದು ‘ಸಂಪರ್ಕಿಸಿ’ ಪುಟ. ಪ್ರತಿ ಪುಟದ ಅಡಿಯಲ್ಲೂ ಅದನ್ನು ನೇತುಹಾಕಿದವನು ನಾನೇ.

ಲಾಗ್‌ನಲ್ಲಿ ಇನ್ನೂ ಹನ್ನೊಂದು ಸತ್ತ ವಿಳಾಸಗಳಿವೆ. ಹತ್ತಕ್ಕೆ ಈ ವಾರ ದಾರಿ ಮಾಡುತ್ತೇನೆ. ಹನ್ನೊಂದನೆಯದಕ್ಕೆ ಬರುತ್ತಿರುವುದು ಆ ಪುಕ್ಕಟೆ ಐವತ್ತರ ಪೈಕಿ ಒಂದು ಕೊಂಡಿ. ಅದು 404 ಆಗಿಯೇ ಇರಲಿ.